ಕಾಂಪೋಸಿಟ್ ಡೆಕ್: ಆಯ್ಕೆ ಹೇಗೆ, ಆರೈಕೆ ಹೇಗೆ?

ಮನೆಯ ಹಿಂಬಾಗಿಲಿಗೆ ಹೊಂದಿಕೊಂಡು, ನೆಲದಿಂದ ತುಸು ಎತ್ತರದಲ್ಲಿ ಹಲಗೆ ಹಾಸಿ ಕಟ್ಟುವ ತೆರೆದ ಜಗಲಿಯನ್ನು ಅಮೆರಿಕದಲ್ಲಿ 'ಡೆಕ್' ಎನ್ನುತ್ತಾರೆ. ಮರದ ಮನೆಗಳೇ ಹೆಚ್ಚಾಗಿರುವ ಆ ದೇಶದಲ್ಲಿ ಬೇಸಿಗೆಯ ಊಟ, ಹರಟೆ, ಕೂಟಗಳೆಲ್ಲ ನಡೆಯುವುದು ಇಲ್ಲಿಯೇ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಇದು ಹೊಸದಲ್ಲ. ಇತ್ತ ಕರ್ನಾಟಕದ ನಗರಗಳ ತಾರಸಿ ಹಾಗೂ ಬಾಲ್ಕನಿಗಳಲ್ಲಿ ಇದೇ ಬಗೆಯ ಹಲಗೆ 'ಡಬ್ಲ್ಯುಪಿಸಿ' ಎಂಬ ಹೆಸರಿನಲ್ಲಿ ಪರಿಚಿತವಾಗಿದೆ. ಇದಕ್ಕೆ ನಿರ್ವಹಣೆಯೇ ಬೇಡ ಎಂಬ ಮಾತು ಮಾರಾಟದ ವೇಳೆ ಕೇಳಿಬರುವುದುಂಟು. ಅದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧವನ್ನು ಅರಿಯದಿದ್ದರೆ ಹಣವಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯ ಒದಗಬಹುದು.

ಏನಿದು ಕಾಂಪೋಸಿಟ್?

ಮರದ ಹುಡಿ ಮತ್ತು ಪ್ಲಾಸ್ಟಿಕ್ಕನ್ನು ಬೆರೆಸಿ, ಕಾಯಿಸಿ, ಅಚ್ಚಿನ ಮೂಲಕ ಒತ್ತಿ ತೆಗೆದ ಹಲಗೆಯೇ ಕಾಂಪೋಸಿಟ್. ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಎಥಿಲೀನ್ ಆಗಿರುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಿವಿಸಿ ಬಳಸುವುದೂ ಉಂಟು. ಜೊತೆಗೆ ಬಣ್ಣ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯ ಇತ್ಯಾದಿ ಸೇರುತ್ತವೆ. ಪ್ಲಾಸ್ಟಿಕ್ ಚೀಲ ಮತ್ತು ಹಾಳೆಗಳ ತ್ಯಾಜ್ಯ, ಮರದ ಕಾರ್ಖಾನೆಗಳ ಹೊಟ್ಟು ಇದರ ತಯಾರಿಕೆಗೆ ಬಳಕೆಯಾಗುತ್ತವೆ.

ಅಮೆರಿಕದಲ್ಲಿ 1990ರ ದಶಕದಲ್ಲಿ ಈ ಹಲಗೆ ಮಾರುಕಟ್ಟೆಯಲ್ಲಿ ನೆಲೆಯೂರಿತು. ಮೊಬಿಲ್ ಕಂಪನಿಯ ವಿಭಾಗವೊಂದನ್ನು ಅದರ ಅಧಿಕಾರಿಗಳೇ ಕೊಂಡು 1996ರಲ್ಲಿ ಆರಂಭಿಸಿದ ಟ್ರೆಕ್ಸ್ ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳಲ್ಲಿ ಒಂದು. ಆರ್ಸೆನಿಕ್ ಅಂಶವಿರುವ ಸಿಸಿಎ ಎಂಬ ರಾಸಾಯನಿಕವನ್ನು ಉಣಿಸಿದ ಮರವನ್ನು 2003ರ ಅಂತ್ಯಕ್ಕೆ ಅಲ್ಲಿ ಗೃಹಬಳಕೆಯಿಂದ ಹಿಂತೆಗೆದುಕೊಂಡ ಬಳಿಕ, ಮರಕ್ಕೆ ಪರ್ಯಾಯವಾದ ವಸ್ತುಗಳತ್ತ ಗಮನ ಹೆಚ್ಚಿತು.

ಆಯ್ಕೆಯ ಮುನ್ನ

ಮೊದಲ ತಲೆಮಾರಿನ ಹಲಗೆಗಳಿಗೆ ಹೊರಕವಚ ಇರಲಿಲ್ಲ. ಅವುಗಳಲ್ಲಿನ ಮರದ ಅಂಶ ತೇವ ಹೀರುತ್ತಿತ್ತು. ಬಣ್ಣ ಮಾಸುವುದು, ಬೂಷ್ಟು ಹಿಡಿಯುವುದು, ಎಣ್ಣೆಯ ಕಲೆ ಇಂಗುವುದು ಸಾಮಾನ್ಯ ದೂರುಗಳಾಗಿದ್ದವು. ಈಗಿನ ಉತ್ತಮ ದರ್ಜೆಯ ಹಲಗೆಗಳಿಗೆ ಪ್ಲಾಸ್ಟಿಕ್ಕಿನ ತೆಳು ಕವಚವಿದ್ದು, ಈ ತೊಂದರೆಗಳು ಬಹುಮಟ್ಟಿಗೆ ತಗ್ಗಿವೆ. ಕವಚ ಮೇಲ್ಭಾಗಕ್ಕೆ ಮಾತ್ರವೇ, ನಾಲ್ಕೂ ಬದಿಗೆ ಇದೆಯೇ ಎಂಬುದನ್ನು ಕೊಳ್ಳುವಾಗಲೇ ನೋಡುವುದು ಒಳಿತು. ತೇವ ಕೆಳಗಿನಿಂದಲೂ ಏರುತ್ತದೆ.

ಬಣ್ಣದ ಆಯ್ಕೆ ಕೇವಲ ಅಂದದ ಪ್ರಶ್ನೆಯಲ್ಲ. ಕಡುಬಣ್ಣದ ಹಲಗೆ ನೇರ ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ. ಮಕ್ಕಳಿರುವ ಮನೆಯವರು, ತಾರಸಿಯಲ್ಲಿ ನೆರಳಿಲ್ಲದವರು ತಿಳಿಬಣ್ಣವನ್ನು ಆರಿಸುವುದು ಸೂಕ್ತ. ಮಾದರಿ ತುಂಡೊಂದನ್ನು ತಂದು ಮಧ್ಯಾಹ್ನದ ಬಿಸಿಲಿನಲ್ಲಿಟ್ಟು ಮುಟ್ಟಿ ನೋಡಿದರೆ ಸಂದೇಹ ಪರಿಹಾರವಾಗುತ್ತದೆ. ಅದೇ ತುಂಡಿನ ಮೇಲೆ ನೀರು ಸುರಿದು ಜಾರುತ್ತದೆಯೇ ಎಂದೂ ಪರೀಕ್ಷಿಸಬಹುದು.

ನಮ್ಮಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಬಾಗಿಲು, ಅಡುಗೆಮನೆಯ ಕಪಾಟುಗಳಿಗೆ ಬಳಸುವ ಹಗುರವಾದ ಪಿವಿಸಿ ಫೋಮ್ ಹಲಗೆಯನ್ನೂ ಅಂಗಡಿಗಳಲ್ಲಿ ಡಬ್ಲ್ಯುಪಿಸಿ ಎಂದೇ ಕರೆಯುತ್ತಾರೆ. ಅದು ಬಯಲಿನಲ್ಲಿ ಕಾಲ್ತುಳಿತಕ್ಕೆ ತಯಾರಾದುದಲ್ಲ. ಡೆಕ್‌ಗೆಂದೇ ತಯಾರಿಸಿದ ಹಲಗೆಯನ್ನು ಕೇಳಿ ಪಡೆಯಬೇಕು.

ಅಡಿಪಾಯವೇ ಪ್ರಧಾನ

ಕಾಂಪೋಸಿಟ್ ಹಲಗೆ ಹಾಸಿಗೆಯಷ್ಟೇ. ಭಾರ ಹೊರುವುದು ಅದರ ಕೆಳಗಿನ ತೊಲೆಗಳು. ಈ ಹಲಗೆ ಮರಕ್ಕಿಂತ ಹೆಚ್ಚು ಬಾಗುವುದರಿಂದ ತೊಲೆಗಳು ಒತ್ತಾಗಿರಬೇಕು. ಸಾಮಾನ್ಯವಾಗಿ 16 ಇಂಚಿಗೊಂದು, ಹಲಗೆಯನ್ನು ಓರೆಯಾಗಿ ಹಾಸುವುದಾದರೆ 12 ಇಂಚಿಗೊಂದು ತೊಲೆ ಇರುವುದು ರೂಢಿ. ಬಿಸಿಲಿಗೆ ಹಲಗೆ ಉದ್ದುದ್ದಕ್ಕೆ ಹಿಗ್ಗುತ್ತದೆ. ಆದ್ದರಿಂದ ತುದಿಗಳ ನಡುವೆಯೂ, ಅಕ್ಕಪಕ್ಕದ ಹಲಗೆಗಳ ನಡುವೆಯೂ ತಯಾರಕರು ಸೂಚಿಸಿದಷ್ಟು ಸಂದು ಬಿಡಬೇಕು. ಆ ಸಂದೇ ಮಳೆನೀರಿಗೂ ದಾರಿ.

ಅಮೆರಿಕದಲ್ಲಿ ಡೆಕ್ ಕುಸಿತಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಮನೆಯ ಗೋಡೆಗೆ ಡೆಕ್ಕನ್ನು ಕೂಡಿಸುವ ಪಟ್ಟಿಯನ್ನು ಬರೀ ಮೊಳೆ ಹೊಡೆದು ನಿಲ್ಲಿಸುವುದು. ಅಲ್ಲಿ ಬೋಲ್ಟ್ ಅಥವಾ ತಕ್ಕ ಸ್ಕ್ರೂ ಇರಲೇಬೇಕು. ಪಟ್ಟಿಯ ಹಿಂದೆ ನೀರು ಇಳಿಯದಂತೆ ಲೋಹದ ತಗಡಿನ ಹೊದಿಕೆ ಬೇಕು. ಈಗಿನ ಸಂಸ್ಕರಿತ ಮರದಲ್ಲಿರುವ ತಾಮ್ರದ ಅಂಶ ಸಾಮಾನ್ಯ ಮೊಳೆಯನ್ನು ತಿಂದುಹಾಕುವುದರಿಂದ, ಸತು ಲೇಪಿತ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸಾಮಗ್ರಿಯನ್ನೇ ಬಳಸಬೇಕು.

ಕರ್ನಾಟಕದ ಕಾಂಕ್ರೀಟ್ ತಾರಸಿಗಳಲ್ಲಿ ತೊಂದರೆಯ ಸ್ವರೂಪ ಬೇರೆ. ತೊಲೆಗಳನ್ನು ಬಿಗಿಯಲು ತಾರಸಿಗೆ ರಂಧ್ರ ಕೊರೆದರೆ ನೀರುತಡೆ ಲೇಪನ ಹಾಳಾಗಿ ಕೆಳಮನೆಯ ಸೂರು ಸೋರುತ್ತದೆ. ಎತ್ತರ ಹೊಂದಿಸಬಲ್ಲ ಪೀಠಗಳ ಮೇಲೆ ಚೌಕಟ್ಟನ್ನು ಕೂರಿಸುವುದು ಇದಕ್ಕೆ ಪರಿಹಾರ. ನೀರು ಹರಿಯುವ ಕೊಳವೆಯ ಬಾಯಿಯ ಮೇಲಿನ ಹಲಗೆ ಕಳಚಿ ತೆಗೆಯುವಂತಿರಬೇಕು. ಇಲ್ಲವಾದರೆ ಕಸ ಕಟ್ಟಿ ನಿಂತ ನೀರು ಸೊಳ್ಳೆಗಳಿಗೆ ನೆಲೆಯಾಗುತ್ತದೆ. ಕರಾವಳಿಯ ಉಪ್ಪುಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳು ಹೆಚ್ಚು ಬಾಳುತ್ತವೆ.

ಆರೈಕೆಯ ಕ್ರಮ

ಕಾಂಪೋಸಿಟ್‌ಗೆ ಬಣ್ಣ, ವಾರ್ನಿಷ್ ಬೇಡ. ಗೆದ್ದಲಿನ ಕಾಟ ಮರಕ್ಕಿಂತ ಬಹಳ ಕಡಿಮೆ. ಆದರೆ ಗುಡಿಸಿ ತೊಳೆಯುವ ಕೆಲಸ ತಪ್ಪದು. ಹಲಗೆಯ ಮೇಲೆ ಕುಳಿತ ಧೂಳು, ಪರಾಗ, ಕೊಳೆತ ಎಲೆಗಳೇ ಬೂಷ್ಟಿಗೆ ಆಹಾರ.

* ವರ್ಷಕ್ಕೆ ಎರಡು ಬಾರಿಯಾದರೂ ಸಾಬೂನು ನೀರು ಮತ್ತು ಮೃದುವಾದ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ನಮ್ಮಲ್ಲಿ ಮಳೆಗಾಲಕ್ಕೆ ಮುನ್ನ ಮತ್ತು ನಂತರ ಇದಕ್ಕೆ ಸಕಾಲ.
* ಸಂದುಗಳಲ್ಲಿ ಸಿಲುಕಿದ ಎಲೆ, ಕಡ್ಡಿಗಳನ್ನು ಆಗಾಗ ತೆಗೆಯಬೇಕು.
* ಎಣ್ಣೆ, ಸಾರು ಚೆಲ್ಲಿದರೆ ಕೂಡಲೇ ಬಿಸಿ ಸಾಬೂನು ನೀರಿನಿಂದ ಒರೆಸಬೇಕು.
* ಹೂಕುಂಡಗಳ ಅಡಿಯಲ್ಲಿ ಗಾಳಿಯಾಡುವಂತೆ ಕಾಲಿನ ಸ್ಟ್ಯಾಂಡ್ ಇಡಬೇಕು. ರಬ್ಬರ್ ಚಾಪೆ ಬೇಡ. ಅದು ಕಲೆ ಉಳಿಸುತ್ತದೆ.
* ಬ್ಲೀಚಿಂಗ್ ದ್ರಾವಣ ಬಣ್ಣ ಕೆಡಿಸಬಲ್ಲದು. ಉಪ್ಪುಕಾಗದದಿಂದ ಉಜ್ಜಿದರೆ ಕವಚವೇ ಹೋಗುತ್ತದೆ, ವಾರಂಟಿಯೂ ಕೈತಪ್ಪಬಹುದು.
* ಹಿಮ ಬೀಳುವ ಊರುಗಳಲ್ಲಿ ಲೋಹದ ಸಲಿಕೆಗೆ ಬದಲು ಪ್ಲಾಸ್ಟಿಕ್ ಸಲಿಕೆ ಬಳಸಬೇಕು.

ಹಲವು ತಯಾರಕರು 25 ವರ್ಷ ಅಥವಾ ಅದಕ್ಕೂ ಹೆಚ್ಚಿನ ವಾರಂಟಿ ನೀಡುತ್ತಾರೆ. ಅದು ಹಲಗೆಗೆ ಸಂಬಂಧಿಸಿದ್ದೇ ಹೊರತು ಕೆಳಗಿನ ಚೌಕಟ್ಟಿಗಲ್ಲ.

ಕೆಳಗೂ ಕಣ್ಣಿರಲಿ

2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಸತಿ ಸಮುಚ್ಚಯವೊಂದರ ಬಾಲ್ಕನಿ ಕುಸಿದು ಆರು ಮಂದಿ ಯುವಜನರು ಮೃತಪಟ್ಟರು, ಏಳು ಮಂದಿ ಗಾಯಗೊಂಡರು. ಒಳಗಿನ ಮರದ ತೊಲೆಗಳು ನೀರಿಳಿದು ಕೊಳೆತಿದ್ದವು. ಈ ದುರಂತದ ಬಳಿಕ ಆ ರಾಜ್ಯವು 2018ರಲ್ಲಿ ಬಹುಮನೆ ಕಟ್ಟಡಗಳ ಎತ್ತರದ ಮರದ ಬಾಲ್ಕನಿ ಹಾಗೂ ಡೆಕ್‌ಗಳ ನಿಯತ ತಪಾಸಣೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು.

ಕಾಂಪೋಸಿಟ್ ಡೆಕ್‌ನಲ್ಲಿ ಈ ಅಪಾಯ ಇನ್ನಷ್ಟು ಸೂಕ್ಷ್ಮ. ಮೇಲಿನ ಹಲಗೆ ದಶಕಗಳ ಕಾಲ ಹೊಸದರಂತೆ ಕಾಣುತ್ತಿರುವಾಗಲೇ ಕೆಳಗಿನ ಮರದ ತೊಲೆ ಜೀರ್ಣವಾಗಬಹುದು. ವರ್ಷಕ್ಕೊಮ್ಮೆ ದೀಪ ಹಿಡಿದು ಅಡಿಯಲ್ಲಿ ಇಣುಕಿ ನೋಡುವುದು, ಸ್ಕ್ರೂಡ್ರೈವರ್‌ನ ತುದಿಯಿಂದ ತೊಲೆಗಳನ್ನು ಚುಚ್ಚಿ ಪರೀಕ್ಷಿಸುವುದು, ತುಕ್ಕು ಹಿಡಿದ ಬೋಲ್ಟ್‌ಗಳನ್ನು ಬದಲಿಸುವುದು, ಕೈಪಿಡಿಯನ್ನು ಅಲುಗಾಡಿಸಿ ನೋಡುವುದು ಕಷ್ಟದ ಕೆಲಸಗಳೇನಲ್ಲ. ತುದಿ ಸಲೀಸಾಗಿ ಮರದೊಳಗೆ ಇಳಿದರೆ ತಜ್ಞರನ್ನು ಕರೆಸಬೇಕು. ದುರಸ್ತಿಯಾಗುವವರೆಗೆ ಡೆಕ್ ಮೇಲೆ ಯಾರೂ ಕಾಲಿಡಬಾರದು.