ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಓದಿದರೆ ಭಾರತದಲ್ಲಿ ಮೆಡಿಕಲ್ ಸೀಟು ಸಿಗುವುದಿಲ್ಲವೇ?

ದುಬೈ, ಮಸ್ಕತ್‌ನಲ್ಲಿ ಕೆಲಸದಲ್ಲಿರುವ ಕೊಡಗಿನ ಪೋಷಕರು ಮಕ್ಕಳಿಗೆ ಶಾಲೆ ಹುಡುಕುವಾಗ ಇಂಥ ಮಾತು ಕೇಳಿ ಗಾಬರಿಯಾಗುವುದುಂಟು. ಇದು ನಿಜವೇ?

ಇಲ್ಲ, ಇದು ತಪ್ಪು. ಆದರೆ ಕೆಲವು ಷರತ್ತುಗಳಿವೆ.

‘ಇಂಟರ್‌ನ್ಯಾಷನಲ್’ ಎನ್ನುವುದು ಶಾಲೆಯ ಹೆಸರಷ್ಟೇ, ಪಠ್ಯಕ್ರಮವಲ್ಲ. ಅಲ್ಲಿ ಸಿಬಿಎಸ್‌ಇ, ಕೇಂಬ್ರಿಡ್ಜ್ ಅಥವಾ 1968ರಲ್ಲಿ ಜಿನೀವಾದಲ್ಲಿ ಆರಂಭವಾದ ಐಬಿ ಇರಬಹುದು. ಹಾಗಾಗಿ ಮೊದಲು ಬೋರ್ಡ್ ಯಾವುದೆಂದು ಕೇಳಿ.

ಐಬಿ ಅಥವಾ ಕೇಂಬ್ರಿಡ್ಜ್‌ನಲ್ಲಿ ಓದಿದವರೂ ನೀಟ್ ಬರೆಯಬಹುದು. ಅವರ ಓದು ನಮ್ಮ 12ನೇ ತರಗತಿಗೆ ಸಮಾನ ಎಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಪ್ರಮಾಣಪತ್ರ ಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಐಬಿಯಲ್ಲಿ ವಿದ್ಯಾರ್ಥಿಯೇ ವಿಷಯ ಆರಿಸಿಕೊಳ್ಳುವುದರಿಂದ, ಈ ಮೂರು ವಿಜ್ಞಾನ ವಿಷಯಗಳನ್ನೂ ಒಟ್ಟಿಗೆ ಕೊಡುತ್ತಾರೆಯೇ ಎಂದು ಶಾಲೆಯನ್ನು ಮೊದಲೇ ವಿಚಾರಿಸಿ.

ಕೆಲವು ವರ್ಷಗಳಲ್ಲಿ ಊರಿಗೆ ಮರಳುವುದಾದರೆ? ಗಲ್ಫ್‌ನಲ್ಲಿ ಸಿಬಿಎಸ್‌ಇ ಶಾಲೆಗಳು ಸಾಕಷ್ಟಿವೆ. ಅಲ್ಲಿ ಓದಿದ ಮಗುವಿಗೆ ಇಲ್ಲಿ ಅದೇ ಪಾಠ ಮುಂದುವರಿಯುತ್ತದೆ. ಕೂಡಿಗೆಯ ಸೈನಿಕ ಶಾಲೆಯೂ ಸಿಬಿಎಸ್‌ಇ. ಆದರೆ ಅಲ್ಲಿಗೆ 6 ಮತ್ತು 9ನೇ ತರಗತಿಗೆ, ಪ್ರವೇಶ ಪರೀಕ್ಷೆಯ ಮೂಲಕ ಸೇರಬೇಕು.

ಯಾವ ತರಗತಿಯಲ್ಲಿ ಮರಳುತ್ತೀರಿ ಎಂಬುದೂ ಮುಖ್ಯ. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಗೆ ನೋಂದಣಿ 9 ಮತ್ತು 11ರಲ್ಲೇ ಆಗುತ್ತದೆ. ಆದ್ದರಿಂದ 10 ಅಥವಾ 12ರಲ್ಲಿ ಶಾಲೆ ಬದಲಿಸುವುದು ಕಷ್ಟ.

ಮನೆಯಲ್ಲಿ ಕನ್ನಡ ಓದು, ಬರಹ ಬಿಡಬೇಡಿ. ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸಬೇಕೆಂಬ ಕಾಯ್ದೆ 2015ರಲ್ಲೇ ಬಂದಿದೆ.

ಫಾರ್ವರ್ಡ್ ಮಾಡುವ ಮೊದಲು ಈ ವಿಷಯಗಳನ್ನು ಗಮನಿಸಿ.