ದೆಹಲಿಗೆ ಮನವಿ, ಮನೆಯವರಿಗೆ ಮನವರಿಕೆ: ಏಕೀಕರಣದಲ್ಲಿ ಕೆಂಗಲ್ ಹನುಮಂತಯ್ಯ

ರಾಮನಗರದ ಮೂಲಕ ಹರಿಯುವ ಅರ್ಕಾವತಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. 1956ರ ನವೆಂಬರ್‌ವರೆಗೆ ಅಲ್ಲಿ ಕಾವೇರಿಯ ಈ ದಡ ಮೈಸೂರು ರಾಜ್ಯಕ್ಕೆ ಸೇರಿತ್ತು. ಆಚೆ ದಡದ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಎರಡು ಕಡೆಯೂ ಕನ್ನಡದ ಊರುಗಳೇ. ಈ ಗಡಿ ಅಳಿದದ್ದು ಹೇಗೆಂದು ಕೇಳಿದರೆ ನಾವು ಧಾರವಾಡ, ಹುಬ್ಬಳ್ಳಿ, ಬಳ್ಳಾರಿಗಳ ಹೋರಾಟವನ್ನು ನೆನೆಯುತ್ತೇವೆ. ಅದು ನ್ಯಾಯವಾದ ಉತ್ತರ, ಆದರೆ ಪೂರ್ಣವಲ್ಲ. ದೆಹಲಿ ಒಪ್ಪಿದರಷ್ಟೇ ಸಾಲದಾಗಿತ್ತು, ಮೈಸೂರೂ ಒಪ್ಪಬೇಕಿತ್ತು. ಆ ಒಪ್ಪಿಗೆಯಲ್ಲಿ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರ ಪಾಲು ದೊಡ್ಡದು ಎಂಬುದು ಈ ಲೇಖನದ ವಾದ.

ದೆಹಲಿಯ ಬಾಗಿಲಲ್ಲಿ

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರು ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ಏಕೀಕರಣದ ಕನಸನ್ನು ಊರೂರಿಗೆ ಒಯ್ದರು. 1928ರ ನೆಹರೂ ವರದಿಯಲ್ಲಿ ಕರ್ನಾಟಕ ಪ್ರಾಂತದ ಬೇಡಿಕೆಗೆ ಬೆಂಬಲ ಸಿಕ್ಕಿತು. ಆದರೆ ಸ್ವಾತಂತ್ರ್ಯದ ನಂತರ 1948ರ ಧರ್ ಆಯೋಗವೂ 1949ರ ಕಾಂಗ್ರೆಸ್ಸಿನ ಜೆವಿಪಿ ಸಮಿತಿಯೂ ಭಾಷಾವಾರು ರಾಜ್ಯಗಳಿಗೆ ಕಾಲ ಬಂದಿಲ್ಲವೆಂದವು. ತೆಲುಗರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ, 1953ರಲ್ಲಿ ಆಂಧ್ರ ರಾಜ್ಯವಾಯಿತು. ಅದೇ ವರ್ಷ ಅದರಗುಂಚಿ ಶಂಕರಗೌಡರು ಕರ್ನಾಟಕಕ್ಕಾಗಿ ಉಪವಾಸ ಕೂತರು. ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಅದಕ್ಕೆ ದೇಶದ ಎಲ್ಲೆಡೆಯಿಂದ ಬಂದ ಮನವಿ, ಪತ್ರಗಳು 1,52,250. 1955ರ ಸೆಪ್ಟೆಂಬರ್ 30ರ ವರದಿ ಕರ್ನಾಟಕಕ್ಕೆ ಸಮ್ಮತಿಸಿದರೂ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಕನ್ನಡಿಗರು ಪ್ರತಿಭಟಿಸಿದರು, ಕೇಂದ್ರ ಆ ಶಿಫಾರಸನ್ನು ಕೈಬಿಟ್ಟಿತು.

ಮನೆಯೊಳಗಿನ ಅಳುಕು

ಮೈಸೂರಿನಲ್ಲಿ ಪರಿಸ್ಥಿತಿ ಬೇರೆಯಿತ್ತು. ಶಿವನಸಮುದ್ರದ ವಿದ್ಯುತ್ತು, ಕಾರ್ಖಾನೆಗಳು, ಉತ್ತಮ ಆಡಳಿತ ಇವೆಲ್ಲ ಮೈಸೂರಿಗರು ದಶಕಗಳಿಂದ ಕಟ್ಟಿಕೊಂಡಿದ್ದ ಆಸ್ತಿ. ಹಿಂದುಳಿದ ಪ್ರದೇಶಗಳು ಕೂಡಿಕೊಂಡರೆ ಬೊಕ್ಕಸದ ಹೊರೆ ತಮ್ಮ ಮೇಲೆ ಬೀಳುತ್ತದೆಂಬ ಲೆಕ್ಕ ಒಂದು ಕಡೆ. ವಿಶಾಲ ರಾಜ್ಯದಲ್ಲಿ ಲಿಂಗಾಯತರ ಸಂಖ್ಯೆ ಹೆಚ್ಚಿ, ಹಳೆ ಮೈಸೂರಿನಲ್ಲಿ ಪ್ರಬಲರಾಗಿದ್ದ ಒಕ್ಕಲಿಗರು ಹಿಂದೆ ಬೀಳುತ್ತಾರೆಂಬ ಭಯ ಇನ್ನೊಂದು ಕಡೆ. ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂಬ ವಾದ ಹುಟ್ಟಿದ್ದು ಈ ಅಳುಕಿನಿಂದ. ಏಕೀಕರಣದ ಲಾಭನಷ್ಟ ತೂಗಲು ಮೈಸೂರು ಸರ್ಕಾರ ಸತ್ಯಶೋಧನ ಸಮಿತಿಯನ್ನೇ ನೇಮಿಸಿತ್ತು.

ಹನುಮಂತಯ್ಯನವರು ಸ್ವತಃ ಒಕ್ಕಲಿಗರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಅಂದಿನ ಬೆಂಗಳೂರು ಜಿಲ್ಲೆಯ ಒಕ್ಕಲಿಗ ಸೀಮೆ. 1952ರ ಮಾರ್ಚಿನಿಂದ ಮುಖ್ಯಮಂತ್ರಿಯಾಗಿದ್ದ ಅವರಿಗೆ ಹಳೆಯ ಮೈಸೂರೇ ಕ್ಷೇಮವಾಗಿತ್ತು. ಆದರೂ ಆಯೋಗದ ವರದಿ ವಿಧಾನಸಭೆಯ ಚರ್ಚೆಗೆ ಬಂದಾಗ, ತಮ್ಮದೇ ಪಕ್ಷದ ಹಲವರ ವಿರೋಧದ ನಡುವೆ ಅವರು ಏಕೀಕರಣದ ಪರ ನಿಂತರು. ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರು, ಅಂದರೆ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರೂ ಅನುಕೂಲವಾಗಿದ್ದರು.

ಒಂದು ಹೋಲಿಕೆ

ಅದಕ್ಕೆ ಕೆಲವೇ ವರ್ಷ ಮೊದಲು ಜಗತ್ತು ಇನ್ನೊಂದು ಬಗೆಯ ಮನವೊಲಿಕೆ ಕಂಡಿತ್ತು. 1948ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಯಹೂದಿ ನಾಯಕರ ಭೇಟಿಗೆ ಮನಸ್ಸು ಮಾಡಿರಲಿಲ್ಲ. ಅವರ ಹಳೆಯ ಗೆಳೆಯ, ಹಿಂದೆ ಬಟ್ಟೆ ಅಂಗಡಿಯಲ್ಲಿ ಪಾಲುದಾರರಾಗಿದ್ದ ಎಡ್ಡಿ ಜೇಕಬ್ಸನ್ ಹೋಗಿ ಕೇಳಿಕೊಂಡ ಮೇಲೆ ಅವರು ಯಹೂದಿ ನಾಯಕ ಖೈಮ್ ವೈಜ್ಮನ್ನರನ್ನು ಭೇಟಿಯಾದರು. ವಿದೇಶಾಂಗ ಕಾರ್ಯದರ್ಶಿ ಮಾರ್ಷಲ್ ಬೇಡವೆಂದಿದ್ದರೂ, ಮೇ 14ರಂದು ಇಸ್ರೇಲ್ ಅಸ್ತಿತ್ವಕ್ಕೆ ಬಂದ 11 ನಿಮಿಷಗಳಲ್ಲಿ ಅಮೆರಿಕ ಅದಕ್ಕೆ ಮಾನ್ಯತೆ ನೀಡಿತು. ಇದರ ಹಿಂದೆ ಗೆಳೆತನವೊಂದೇ ಇರಲಿಲ್ಲ. ಯುರೋಪಿನ ಯಹೂದಿಗಳ ಮಾರಣಹೋಮದ ನೆನಪಿತ್ತು, ಚುನಾವಣೆಯ ಲೆಕ್ಕವೂ ಇತ್ತು. ಆದರೆ ಪ್ಯಾಲೆಸ್ಟೈನಿನ ಅರಬ್ಬರ ಒಪ್ಪಿಗೆ ಇರಲಿಲ್ಲ. ದೂರದ ಅಧಿಕಾರ ಒಲಿದರೂ ನೆಲದಲ್ಲಿ ಯುದ್ಧ ತಪ್ಪಲಿಲ್ಲ.

ಎರಡೂ ಕಥೆಗಳ ಹಿನ್ನೆಲೆ, ನೋವು, ಪ್ರಮಾಣ ಬೇರೆ ಬೇರೆ; ಒಂದು ಸ್ವತಂತ್ರ ದೇಶದ ಪ್ರಶ್ನೆ, ಇನ್ನೊಂದು ಒಕ್ಕೂಟದೊಳಗಿನ ರಾಜ್ಯದ್ದು. ಆದರೂ ಹೋಲಿಕೆ ಒಂದು ಪಾಠ ಕೊಡುತ್ತದೆ: ದೊಡ್ಡವರ ಬಾಗಿಲು ತಟ್ಟುವುದು ಅರ್ಧ ಕೆಲಸ, ಕಳೆದುಕೊಳ್ಳುವ ಭಯವಿರುವವರನ್ನು ಒಪ್ಪಿಸುವುದು ಉಳಿದರ್ಧ. ಹನುಮಂತಯ್ಯನವರು ಹೊತ್ತದ್ದು ಈ ಎರಡನೆಯ ಅರ್ಧವನ್ನು.

ಉಪಸಂಹಾರ

1956ರ ಆಗಸ್ಟ್ 19ರಂದು ಅವರ ಅಧಿಕಾರ ಕೊನೆಗೊಂಡಿತು. ಪಕ್ಷದ ಒಳಜಗಳ, ಅವರು ಕಟ್ಟಿಸಿದ ವಿಧಾನಸೌಧದ ವೆಚ್ಚದ ಟೀಕೆ ಸೇರಿದಂತೆ ಕಾರಣಗಳು ಹಲವು. ಏಕೀಕರಣವೊಂದನ್ನೇ ಕಾರಣವೆಂದರೆ ತಪ್ಪಾದೀತು. ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ಕೊಳ್ಳೇಗಾಲ ಅಂದೇ ಮೈಸೂರು ರಾಜ್ಯಕ್ಕೆ ಬಂತು. ಸಂಗಮದ ಎರಡೂ ದಡ ಒಂದೇ ರಾಜ್ಯವಾದವು. ಏಕೀಕರಣದ ಚರಿತ್ರೆಯಲ್ಲಿ, ನಾಡನ್ನು ಕೇಳಿ ಪಡೆದ ಉತ್ತರದವರ ಜೊತೆಗೆ, ತನ್ನವರ ಅಳುಕನ್ನು ಎದುರಿಸಿ ಬಾಗಿಲು ತೆರೆದ ರಾಮನಗರದ ಈ ನಾಯಕರಿಗೂ ಸಮನಾದ ಜಾಗ ಸಲ್ಲಬೇಕು.