ಕಾಣದ ತೇಜಸ್ಸು

ಬಿನ್ನಿಪೇಟೆಯ ಮಕ್ಕಳಿಗೆ ಮೊನ್ನೆ ಅಮೇರಿಕೆಯ ಯೆಲ್ಲೋಸ್ಟೋನ್ ಸೀಮೆಯ ಬಿಸಿನೀರ ಬುಗ್ಗೆಯೊಂದರ ಚಿತ್ರವನ್ನು ತೋರಿಸಿದೆನು. ಕಣ್ಣಿಗೆ ಕಾಣುವ ಬೆಳಕಿನಿಂದಲ್ಲ, ಅವಕೆಂಪು ಕಿರಣಗಳಿಂದ ತೆಗೆದ ಚಿತ್ರವದು. ಅದರಲ್ಲಿನ ಬಣ್ಣಗಳು ನೀರಿನವಲ್ಲ. ಶಾಖದ ತಾರತಮ್ಯವನ್ನು ತಿಳಿಸಲು ಯಂತ್ರವು ಹಚ್ಚಿದವು. “ಮೇಷ್ಟ್ರೇ, ಈ ಕಿರಣಗಳ ವಿಷಯ ನಮ್ಮ ಪೂರ್ವಿಕರಿಗೆ ತಿಳಿದಿತ್ತೇ?” ಎಂದು ಬಾಲಕಿಯೊಬ್ಬಳು ಕೇಳಿದಳು. ಹೌದೆಂದುಬಿಡುವುದು ಸುಲಭ, ಆದರೆ ಪಾಠ ಹೇಳುವವನಿಗೆ ಸತ್ಯದ ಋಣವುಂಟು.

ನ್ಯಾಯವೈಶೇಷಿಕರ ಮತದಲ್ಲಿ ಜಲದ ಸ್ಪರ್ಶವು ಸಹಜವಾಗಿ ಶೀತವಾದುದು. ಹಾಗಾದರೆ ಪುತ್ತೂರು ಸೀಮೆಯ ಇರ್ದೆಯಲ್ಲಿರುವ ಬೆಂದ್ರುತೀರ್ಥದ ನೀರು ಕೈಗೆ ಬೆಚ್ಚಗಾಗುವುದೇಕೆ? ಅದರಲ್ಲಿ ತೇಜಸ್ಸು ಸೇರಿರುವುದರಿಂದ ಎಂಬುದೇ ಅವರ ಉತ್ತರ. ಆ ತೇಜಸ್ಸು ಕಾಣಿಸದೇಕೆ? ಅದರ ರೂಪವು ಅನುದ್ಭೂತ, ಎಂದರೆ ಪ್ರಕಟವಾಗದುದು. ಕಣ್ಣಿಗೆ ಬೀಳದುದನ್ನು ಚರ್ಮವು ಅರಿಯಬಲ್ಲುದೆಂಬ ಈ ವಿವೇಚನೆಯು ಸೂಕ್ಷ್ಮವಾದುದೇ ಸರಿ. ಆದರೆ ಅದು ಅನುಮಾನಪ್ರಮಾಣದಿಂದ ದೊರೆತುದು, ಅಳತೆಯಿಂದಲ್ಲ.

ಅಳತೆಯು ಬಂದುದು 1800ರಲ್ಲಿ. ಇಂಗ್ಲೆಂಡಿನಲ್ಲಿದ್ದ ಜ್ಯೋತಿರ್ವಿದ ವಿಲಿಯಂ ಹರ್ಷೆಲನು ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಅವುಗಳಲ್ಲಿ ಉಷ್ಣಮಾಪಕವನ್ನಿರಿಸಿದನು. ಕೆಂಪಿನಾಚೆ, ಏನೂ ಕಾಣದ ಎಡೆಯಲ್ಲಿ, ಅದು ಮತ್ತಷ್ಟು ಮೇಲಕ್ಕೇರಿತು. ಬುಗ್ಗೆಯ ಚಿತ್ರಕ್ಕೆ ಮೂಲವಾದ ಅರಿವು ಅಲ್ಲಿ ಮೊದಲಾಯಿತು. 1992ರಲ್ಲಿ ಹಾರಿದ, ಭಾರತದಲ್ಲಿಯೇ ನಿರ್ಮಿತವಾದ ಇನ್ಸಾಟ್-2ಎ ಉಪಗ್ರಹವು ಇರುಳಿನಲ್ಲಿಯೂ ಮೋಡಗಳನ್ನು ಚಿತ್ರಿಸಲು ಬಳಸಿದುದೂ ಇಂಥ ಕಿರಣಗಳನ್ನೇ.

ಆದುದರಿಂದ ಬಾಲಕಿಗೆ ಇಷ್ಟೇ ಹೇಳಿದೆನು: “ಮಗೂ, ಪೂರ್ವಿಕರು ಸರಿಯಾದ ಪ್ರಶ್ನೆಯನ್ನು ಕೇಳಿದರು, ಹರ್ಷೆಲನು ಅಳೆದು ನೋಡಿದನು. ಒಬ್ಬರ ಕೀರ್ತಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ಇಬ್ಬರಿಗೂ ಅನ್ಯಾಯ.”